ಅನುಮೋದಕನ ಬಲಗೈ

ಇಷ್ಟು ವರ್ಷ ನಿದ್ದೆಗಣ್ಣಲ್ಲೂ ಹೇಳಬಲ್ಲವನಾಗಿದ್ದ ಒಂದೇ ಒಂದು ಮಾತನ್ನು ಅವನು ಅಂದು ಬಚ್ಚಲುಮನೆಯ ಕನ್ನಡಿಯೆದುರು ನಿಂತು ಅಭ್ಯಾಸ ಮಾಡುತ್ತಿದ್ದ. ಅನುಮೋದಿಸುತ್ತೇನೆ. ಅರ್ಧ ಮುಖಕ್ಕೆ ಸೋಪಿನ ನೊರೆ ಮೆತ್ತಿತ್ತು, ಇನ್ನರ್ಧ ಬೋಳಾಗಿತ್ತು. ಮೆತ್ತಗೆ ಹೇಳಿ ನೋಡಿದ, ಬೇಡಿಕೊಂಡ ಹಾಗೆ ಕೇಳಿಸಿತು. ಗಟ್ಟಿಯಾಗಿ ಹೇಳಿ ನೋಡಿದ, ಯಾರನ್ನೋ ಜಗಳಕ್ಕೆ ಕರೆದ ಹಾಗಾಯಿತು. ಹಿಂದೆಲ್ಲ ಅದು ಎರಡೂ ಆಗಿರಲಿಲ್ಲ. ಸೀನು ಬಂದ ಹಾಗೆ ಬಂದು ಹೋಗುತ್ತಿತ್ತು, ಬಂದದ್ದು ಅವನಿಗೂ ನೆನಪಿರುತ್ತಿರಲಿಲ್ಲ, ಕೇಳಿದವರಿಗೂ ಇರುತ್ತಿರಲಿಲ್ಲ. ಬಲಗೈಯನ್ನೂ ಎತ್ತಿ ನೋಡಿದ. ಕನ್ನಡಿಯಲ್ಲಿ ಎದ್ದದ್ದು ಎಡಗೈ.

"ಒಳಗೆ ಯಾರ ಜೊತೆ ಮಾತಾಡ್ತಿದೀರಿ?" ಹೆಂಡತಿ ಬಾಗಿಲು ಬಡಿದಳು.

"ಯಾರ ಜೊತೇನೂ ಇಲ್ಲ."

"ಅದೇ ಅಂದ್ಕೊಂಡೆ. ಎದುರಿಗೆ ಯಾರಾದ್ರೂ ಇದ್ರೆ ನೀವು ಹೂಂ ಅನ್ನೋದು ಬಿಟ್ಟು ಇನ್ನೊಂದು ಮಾತಾಡೋದುಂಟಾ? ಬೇಗ ಬನ್ನಿ, ನಂಗೂ ಕೆಲಸಕ್ಕೆ ಹೊತ್ತಾಯ್ತು."

ಅವಳ ಮಾತಿನಲ್ಲಿ ಮುಳ್ಳಿರಲಿಲ್ಲ. ಮನೆಯಲ್ಲಿ ಸವೆದು ನುಣುಪಾದ ಹಳೆಯ ತಮಾಷೆ ಅದು. ಲಾಂಡ್ರಿಯ ಕಾರ್ಮಿಕ ಸಂಘದಲ್ಲಿ ಅದೇ ತಮಾಷೆ ಅವನ ಹೆಸರಾಗಿ ಹೋಗಿತ್ತು. ಅನುಮೋದನೆ ಅಣ್ಣ. ಸೂಚಕರು ಯಾರೇ ಆಗಲಿ, ಅನುಮೋದಕ ಅವನೇ. ಮೂರನೆಯ ಬೆಂಚಿನ ತುದಿ ಅವನದು, ಏಳುವಾಗ ಪಕ್ಕದವರ ಮೊಣಕಾಲು ತಾಗದಿರಲಿ ಅಂತ. ಒಮ್ಮೆ ಜ್ವರ ಬಂದು ಮನೆಯಲ್ಲಿ ಮಲಗಿದ್ದ ದಿನವೂ ಸಭೆಯ ಗೊತ್ತುವಳಿಗಳನ್ನೆಲ್ಲ ಅವನೇ ಅನುಮೋದಿಸಿದ್ದನೆಂದು ಮಾರನೆಯ ದಿನ ತಿಳಿಯಿತು. ಕಾರ್ಯದರ್ಶಿ ರೂಢಿಯಂತೆ ಮೊದಲೇ ಅವನ ಹೆಸರು ಬರೆದಿಟ್ಟುಬಿಟ್ಟಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. ನಗುತ್ತಿದ್ದಾಗ ಒಂದು ಕ್ಷಣ, ತಾನು ಆ ಬೆಂಚಿನ ತುದಿಯಲ್ಲಿ ಇದ್ದರೂ ಇಲ್ಲದಿದ್ದರೂ ಒಂದೇ ಅನ್ನುವುದು ಹೊಳೆದು, ಬಿಸಿ ಟೀ ಒಮ್ಮೆಗೇ ನುಂಗಿದ ಹಾಗೆ ಎದೆಯಲ್ಲಿ ಇಳಿದು ಹೋಗಿತ್ತು.

ಆಸ್ಪತ್ರೆಗಳ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ಕೊಳೆ ಬಟ್ಟೆ ಬೇರ್ಪಡಿಸುವ ಉದ್ದನೆಯ ಮೇಜಿನ ಮುಂದೆ ಅವನ ಕೆಲಸ. ಮೂಟೆ ಬಿಚ್ಚುವುದು, ಹಾಸಿಗೆ ಹೊದಿಕೆ ಒಂದು ಕಡೆ, ಟವೆಲ್ ಒಂದು ಕಡೆ, ರಕ್ತ ಅಂಟಿದ್ದು ತಣ್ಣೀರಿನ ತೊಟ್ಟಿಗೆ. ರಕ್ತದ ಬಟ್ಟೆಗೆ ಬಿಸಿನೀರು ಬಿದ್ದರೆ ಕಲೆ ಹಿಡಿದು ಕೂತುಬಿಡುತ್ತದೆ, ಮತ್ತೆ ಯಾವ ಪುಡಿಗೂ ಬಿಡುವುದಿಲ್ಲ. ಅಂದು ಅವನ ಕೈಗಳು ತಮ್ಮಷ್ಟಕ್ಕೆ ಬೇರ್ಪಡಿಸುತ್ತ ಹೋದವು. ಕಣ್ಣು ಮಾತ್ರ ಗೋಡೆಯಾಚೆ ರೋಲರ್ ವಿಭಾಗದಿಂದ ಬರುವ ಹಬೆಯ ಮೇಲಿತ್ತು. ಒಗೆದ ಹೊದಿಕೆಗಳನ್ನು ಇಸ್ತ್ರಿ ಮಾಡುವ ಕಾದ ರೋಲರಿನ ಬಾಯಿಯ ಮುಂದೆ ಬೆರಳು ದಪ್ಪದ ಒಂದು ತಡೆಕಂಬಿ. ಹೊದಿಕೆ ತೂರಿಸುವವರ ಕೈ ಹೆಚ್ಚು ಮುಂದೆ ಹೋದರೆ ಕಂಬಿಗೆ ತಾಗುತ್ತದೆ, ರೋಲರ್ ಗಕ್ಕನೆ ನಿಲ್ಲುತ್ತದೆ. ಕೈ ಉಳಿಯುತ್ತದೆ. ದಪ್ಪ ಹೊದಿಕೆ ತಾಗಿದರೂ ನಿಲ್ಲುತ್ತದೆ, ಆಗ ಕೆಲಸ ಉಳಿಯುತ್ತದೆ. ಕೆಲಸ ಉಳಿಯಬಾರದು ಎಂದು ಕಂಪನಿ ಒಪ್ಪಂದದ ಕರಡು ತಂದಿತ್ತು: ಒತ್ತಡದ ದಿನಗಳಲ್ಲಿ ಕಂಬಿಯನ್ನು ಮೇಲಕ್ಕೆ ಕಟ್ಟಿಕೊಳ್ಳಬಹುದು. ಸಂಘದ ಅಧ್ಯಕ್ಷರು ಅದನ್ನು ಸಭೆಯ ಮುಂದೆ ಓದಿದ್ದರು. ಓದುತ್ತಿದ್ದಾಗ ಅವನು ಏನು ಯೋಚಿಸುತ್ತಿದ್ದ? ಮನೆಯ ನಲ್ಲಿ ಸೋರುತ್ತಿತ್ತು, ಅದರ ವಾಷರು ತರಬೇಕಿತ್ತು. ಅಧ್ಯಕ್ಷರ ದನಿ ಇಳಿದದ್ದು ಮಾತ್ರ ಕಿವಿಗೆ ಬಿತ್ತು, ದನಿ ಇಳಿದರೆ ಗೊತ್ತುವಳಿ ಮುಗಿಯಿತು ಎಂದರ್ಥ. ಎದ್ದ, ಕೈ ಎತ್ತಿದ, ಅನುಮೋದಿಸುತ್ತೇನೆ. ಸಂಜೆ ವಾಷರು ತಂದು ಹಾಕಿದ್ದ. ನಲ್ಲಿ ಸೋರುವುದು ನಿಂತಿತ್ತು.

ಆಮೇಲೆ ಒಂದು ಒತ್ತಡದ ದಿನ ರೋಲರಿನವನ ಬಲಗೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ಕೂಗು ಈಚೆ ಮೇಜಿನವರೆಗೂ ಬಂತು. ಅದು ಮನುಷ್ಯನದು ಎಂದು ಮೊದಲು ಅವನಿಗೆ ಹೊಳೆಯಲಿಲ್ಲ, ಯಂತ್ರದ ಪಟ್ಟಿ ಹರಿದಿರಬೇಕು ಅಂದುಕೊಂಡ. ಓಡಿಹೋದಾಗ ಕಂಬಿ ಮೇಲೆ ಕಟ್ಟಿಯೇ ಇತ್ತು, ಹರಿದ ಟವೆಲಿನ ಪಟ್ಟಿಯಿಂದ. ಸಂಜೆ ಮೇಲಿನವರು ಬಂದು ನೋಡುವಷ್ಟರಲ್ಲಿ ಕಂಬಿ ಕೆಳಗಿಳಿದಿತ್ತು, ಟವೆಲಿನ ಪಟ್ಟಿ ಇರಲಿಲ್ಲ. ಕಂಪನಿ ಅಂದಿತು: ಕಂಬಿ ಇದ್ದ ಹಾಗೇ ಇತ್ತು, ಅವನೇ ಅಜಾಗರೂಕನಾಗಿ ಕೈ ಕೊಟ್ಟ, ತಪ್ಪು ಅವನದೇ. ಆಸ್ಪತ್ರೆಯಲ್ಲಿ ಮಲಗಿದವನ ಹಾಸಿಗೆಯ ಹೊದಿಕೆ ಯಾವತ್ತಾದರೂ ತನ್ನ ಮೇಜಿಗೇ ಬರುತ್ತದೆ ಎಂಬ ಯೋಚನೆ ಅವನನ್ನು ಬಿಡಲಿಲ್ಲ. ರಕ್ತ ಅಂಟಿದ ಪ್ರತಿ ಬಟ್ಟೆಯನ್ನೂ ಈಗ ಎರಡೆರಡು ಸಲ ತಿರುಗಿಸಿ ನೋಡುತ್ತಿದ್ದ, ಅದರಲ್ಲಿ ಗುರುತು ಸಿಗುವುದೇನೋ ಅನ್ನುವ ಹಾಗೆ.

ಆ ವಾರವೇ ವಕೀಲಮ್ಮ ಅವನ ಮೇಜಿನ ಬಳಿ ಬಂದು ನಿಂತದ್ದು. ಅವಳೇನು ವಕೀಲೆಯಲ್ಲ, ಮಡಿಸುವ ವಿಭಾಗದ ಹೆಂಗಸು. ಸಂಘದ ನಿಯಮಾವಳಿಯನ್ನು ಊಟದ ಬಿಡುವಿನಲ್ಲಿ ಓದಿ ಓದಿ ಬಾಯಿಪಾಠ ಮಾಡಿಕೊಂಡಿದ್ದರಿಂದ ಗಂಡಸರು ಹಾಗೆ ಹೆಸರಿಟ್ಟಿದ್ದರು, ಹೊಗಳಿಕೆಗಲ್ಲ.

"ತನಿಖೆ ಆಗ್ಬೇಕು ಅಂತ ನಾನು ಗೊತ್ತುವಳಿ ತರ್ತೀನಿ ಅಣ್ಣಾ. ನೀವು ಅನುಮೋದಿಸ್ಬೇಕು."

"ನಾನಾ?"

"ಬೇರೆ ಯಾರನ್ನ ಕೇಳಿದ್ರೂ ಚಪ್ಪಲಿ ನೋಡ್ಕೊಳ್ತಾರೆ. ನೀವು ಎದ್ರೆ ಯಾರೂ ತಲೆ ಎತ್ತಿ ನೋಡಲ್ಲ, ದಿನಾ ಏಳೋರು ಅಂತ. ಅಷ್ಟರಲ್ಲಿ ಕೆಲಸ ಆಗಿರುತ್ತೆ." ಅವಳು ನಕ್ಕಳು, ಆಮೇಲೆ ನಗು ಬಿಟ್ಟು ಹೇಳಿದಳು: "ಅನುಮೋದನೆ ಅಂದ್ರೆ ಒಪ್ಪಿಗೆ ಅಲ್ಲ. ಇದನ್ನ ಮಾತಾಡೋಣ ಅಂತ, ಅಷ್ಟೇ. ಆಮೇಲೆ ನೀವು ನನ್ನ ವಿರುದ್ಧ ಕೈ ಎತ್ತಿದ್ರೂ ನಾನು ಏನೂ ಅನ್ನಲ್ಲ. ಆದ್ರೆ ಎರಡನೇ ಮನುಷ್ಯ ಇಲ್ದಿದ್ರೆ ನನ್ನ ಮಾತು ಹುಟ್ಟೋದೇ ಇಲ್ಲ. ಬಿದ್ದುಹೋಗುತ್ತೆ. ಸಂಘ ಸುಮ್ನಿತ್ತು ಅಂದ್ರೆ ಕಂಪನಿ ಹೇಳಿದ್ದೇ ನಿಜ ಆಗುತ್ತೆ. ಒಬ್ಬ ಮನುಷ್ಯ ತನ್ನ ಕೈಯನ್ನ ತಾನೇ ಬೇಯಿಸ್ಕೊಂಡ ಅಂತ."

"ಹೂಂ," ಅಂದಿದ್ದ. ಅವಳು ಹೋದ ಮೇಲೆ ಅವನಿಗೆ ಗಾಬರಿಯಾದದ್ದು ಒಪ್ಪಿದ್ದಕ್ಕಲ್ಲ. ಇಷ್ಟು ಸುಲಭವಾಗಿ ಅಂದೆನಲ್ಲ, ಇದೂ ಆ ಹಳೆಯ ಹೂಂಗಳಲ್ಲಿ ಒಂದೇ ಇರಬೇಕು ಅನ್ನಿಸಿ.

ಸಭೆಯ ದಿನ ಪಾಳಿ ಮುಗಿಯುವ ಹೊತ್ತಿಗೆ ಅಧ್ಯಕ್ಷರು ಕೈ ತೊಳೆಯುವ ತೊಟ್ಟಿಯ ಹತ್ತಿರ ಸಿಕ್ಕರು. ಸಿಕ್ಕರೋ, ಕಾದಿದ್ದರೋ. ದಪ್ಪ ಮೈ, ದಣಿದ ಕಣ್ಣು, ಹೆಗಲ ಮೇಲೆ ಕೈ ಹಾಕಿ ಮಾತಾಡುವ ಮನುಷ್ಯ. ಅವನ ಮಗಳಿಗೆ ಹುಷಾರಿಲ್ಲದಾಗ ರಜೆ ಕೊಡಿಸಿದ್ದವರೂ ಅವರೇ.

"ವಕೀಲಮ್ಮ ಏನೋ ತರ್ತಾಳಂತೆ."

"ಹೂಂ."

"ತರಲಿ. ಪಾಪ, ಒಳ್ಳೆ ಹೆಂಗಸು, ಸ್ವಲ್ಪ ಬಾಯಿ ಜಾಸ್ತಿ. ತನಿಖೆ ಅಂತ ಬಂದ್ರೆ ಮೊದಲು ಏನು ಕೇಳ್ತಾರೆ ಹೇಳು? ಆ ಒಪ್ಪಂದಕ್ಕೆ ಸೂಚಕ ಯಾರು, ಅನುಮೋದಕ ಯಾರು ಅಂತ ಕೇಳ್ತಾರೆ. ನಂದು ಬಿಡು, ನನಗೆ ವಯಸ್ಸಾಯ್ತು. ನಿನ್ನ ಗತಿ ಯೋಚನೆ ಮಾಡ್ತಿದ್ದೆ ಕಣಯ್ಯಾ." ಹೆಗಲನ್ನು ಎರಡು ಸಲ ತಟ್ಟಿ ಹೋದರು. ಒದ್ದೆ ಕೈಯಿಂದ ತಟ್ಟಿದ್ದರಿಂದ ಅಂಗಿಯ ಮೇಲೆ ಐದು ಬೆರಳಿನ ತೇವ ಮೂಡಿತು. ಅದು ಆರುವವರೆಗೂ ಅವನು ಅಲ್ಲೇ ನಿಂತಿದ್ದ.

ಎಷ್ಟೋ ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಅಪ್ಪನ ಹಾಸಿಗೆಯ ಹೊದಿಕೆಯೂ ಹೀಗೇ ಒದ್ದೆಯಾಗಿತ್ತು, ಮಧ್ಯಾಹ್ನದ ಬೆಳಕಿನಲ್ಲಿ. ಅಣ್ಣ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಇನ್ನು ಉಸಿರಾಟದ ಯಂತ್ರ ಇಟ್ಟುಕೊಂಡು ಉಪಯೋಗವಿಲ್ಲ, ತೆಗೆದುಬಿಡೋಣ ಅಂದರೆ ತೆಗೆಯುತ್ತೇವೆ, ಆದರೆ ಮನೆಯವರು ಇಬ್ಬರಾದರೂ ಹೇಳಬೇಕು ಎಂದಿದ್ದರು ಡಾಕ್ಟರು. ಅಣ್ಣ ಹೇಳಿದ: ತೆಗೆಯೋಣ. ಡಾಕ್ಟರು ಇವನ ಕಡೆ ತಿರುಗಿದರು. ಅಪ್ಪನ ಕಣ್ಣು ಅರ್ಧ ತೆರೆದಿತ್ತು, ಕಾಣುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅಣ್ಣ ಹೇಳಿದ ಹಾಗೆ, ಅಂದ ಇವನು. ಅಣ್ಣ ಆಮೇಲೆ ಎಷ್ಟೋ ವರ್ಷ ಅತ್ತ, ಕುಡಿದು ಅತ್ತ, ಕುಡಿಯದೆ ಅತ್ತ. ಅಪ್ಪನನ್ನ ನಾನು ಕಳಿಸಿಬಿಟ್ಟೆ ಎಂದು ಗೋಳಾಡಿದ. ಇವನು ಅವನ ಬೆನ್ನು ಸವರುತ್ತ ಕೂತಿರುತ್ತಿದ್ದ. ತಾನೂ ಹೇಳಿದ್ದೆನಲ್ಲ ಎಂದು ಇವನಿಗೆ ಅನ್ನಿಸಿರಲೇ ಇಲ್ಲ. ಮೊದಲು ಹೇಳಿದವನು ಪಾಪ ಹೊರುತ್ತಾನೆ, ಎರಡನೆಯವನು ಅವನ ಬೆನ್ನು ಸವರುತ್ತಾನೆ, ಲೋಕದ ಕೆಲಸ ಹೀಗೆ ಹಂಚಿಹೋಗಿದೆ ಎಂದು ನಂಬಿಕೊಂಡಿದ್ದ. ಆದರೆ ಡಾಕ್ಟರು ಕಾದದ್ದು ಅಣ್ಣನ ಮಾತಿಗಲ್ಲ. ಅಣ್ಣನ ಮಾತಾದ ಮೇಲೂ ಯಂತ್ರ ಉಸಿರಾಡುತ್ತಲೇ ಇತ್ತು. ಇದು ಈಗ, ಕೈ ತೊಳೆಯುವ ತೊಟ್ಟಿಯ ಮುಂದೆ, ನೀರು ಸುಮ್ಮನೆ ಹರಿದು ಹೋಗುತ್ತಿದ್ದಾಗ ಹೊಳೆಯಿತು. ನಲ್ಲಿ ನಿಲ್ಲಿಸಿದ. ಇವತ್ತು ಹೇಳುತ್ತೇನೆ ಅಂದುಕೊಂಡ. ಅಂದುಕೊಂಡದ್ದೇ ಹೊಟ್ಟೆ ಹಗುರಾಯಿತು, ಹೇಳಿಯೇ ಮುಗಿಸಿದ ಹಾಗೆ.

ಸಭೆ ಮಡಿಸುವ ವಿಭಾಗದಲ್ಲೇ. ಮೇಜುಗಳನ್ನು ಗೋಡೆಗೆ ಒತ್ತಿ ಬೆಂಚು ಹಾಕಿದ್ದರು. ಆಚೆಯ ಕೋಣೆಯಲ್ಲಿ ಬಟ್ಟೆ ಒಣಗಿಸುವ ಯಂತ್ರಗಳು ಇನ್ನೂ ಸುತ್ತುತ್ತಿದ್ದುದರಿಂದ ಎಲ್ಲರೂ ಸ್ವಲ್ಪ ಕೂಗಿಯೇ ಮಾತಾಡಬೇಕಿತ್ತು. ಸದಸ್ಯರಲ್ಲದವರು ಒಳಗೆ ಬರುವಂತಿಲ್ಲ. ಕಿಟಕಿಯ ಮಸುಕು ಗಾಜಿನಾಚೆ ಶಾಲು ಹೊದ್ದ ಒಂದು ಹೆಣ್ಣಿನ ಆಕಾರ ನಿಂತಿತ್ತು. ರೋಲರಿನವನ ಹೆಂಡತಿ. ಆಸ್ಪತ್ರೆಯಿಂದ ನೇರ ಬಂದಿರಬೇಕು. ಅವಳು ಆಗಾಗ ಗಾಜಿಗೆ ಹಣೆ ಹಚ್ಚುತ್ತಿದ್ದಳು.

ಅಧ್ಯಕ್ಷರು ಬಂದು ಕೂತ ಕೂಡಲೇ ವಕೀಲಮ್ಮ ಎದ್ದಳು.

"ಅಧ್ಯಕ್ಷರೇ, ನನ್ನದೊಂದು ಗೊತ್ತುವಳಿ ಇದೆ."

"ಕೂತ್ಕೋಮ್ಮಾ, ಎಲ್ಲಿಗೆ ಓಡಿಹೋಗುತ್ತೆ ನಿನ್ನ ಗೊತ್ತುವಳಿ? ಮೊದಲು ಇರೋದನ್ನ ಮುಗಿಸೋಣ."

ಕಾರ್ಯದರ್ಶಿ ಎದ್ದು ನಿಂತು ತನ್ನ ಎಂದಿನ ರಾಗದಲ್ಲಿ ಶುರು ಮಾಡಿದ. ಆ ರಾಗ ಎಲ್ಲರಿಗೂ ಗೊತ್ತು, ಮೇಲೇರಿ, ಸ್ವಲ್ಪ ಹೊತ್ತು ನಿಂತು, ಕೊನೆಯಲ್ಲಿ ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ. ಹಿಂದಿನ ಸಭೆಯ ನಡವಳಿಯನ್ನು ಒಪ್ಪಬೇಕೆಂದು ಸೂಚಿಸುತ್ತೇನೆ. ಅವನು ಎದ್ದ, ಅನುಮೋದಿಸುತ್ತೇನೆ, ಕೂತ. ಮುರಿದ ಬೆಂಚುಗಳನ್ನು ರಿಪೇರಿ ಮಾಡಿಸಬೇಕೆಂದು ಸೂಚಿಸುತ್ತೇನೆ. ಎದ್ದ, ಅನುಮೋದಿಸುತ್ತೇನೆ, ಕೂತ. ಹಿಂದಿನಿಂದ ಬಾಯ್ಲರಿನವನು, "ಅನುಮೋದನೆ ಅಣ್ಣಾ, ನಿಂತೇ ಇರು ಮಾರಾಯಾ, ಮೊಣಕಾಲಾದ್ರೂ ಉಳಿಯುತ್ತೆ," ಅಂದ. ನಗು ಎದ್ದಿತು. ಅವನೂ ನಕ್ಕ. ನಗುವಾಗ ಮೈ ಸಡಿಲವಾಯಿತು. ಬಚ್ಚಲುಮನೆಯಲ್ಲಿ ಅಷ್ಟು ಪರದೇಶಿಯಾಗಿದ್ದ ಮಾತು ಈಗ ಮನೆಗೆ ಬಂದಿತ್ತು, ತಾನಾಗಿ ಬರುತ್ತಿತ್ತು. ನಿವೃತ್ತರಾದ ಕಾವಲುಗಾರರಿಗೆ ಸಂಘದ ಪರವಾಗಿ ವಂದನೆ ಹೇಳಬೇಕೆಂದು ಸೂಚಿಸುತ್ತೇನೆ. ಎದ್ದ, ಕೂತ. ರೋಲರ್ ವಿಭಾಗದ ಅಪಘಾತದ ವಿಷಯವನ್ನು ಕಾರ್ಯಕಾರಿ ಸಮಿತಿಗೆ ಒಪ್ಪಿಸಬೇಕು, ಸಮಿತಿ ತೀರ್ಮಾನಿಸುವವರೆಗೆ ಆ ಬಗ್ಗೆ ಈ ಸಭೆಯಲ್ಲಿ ಬೇರೆ ಗೊತ್ತುವಳಿ ತರಕೂಡದು ಎಂದು ಸೂಚಿಸುತ್ತೇನೆ. ರಾಗ ಇಳಿಯಿತು. ಅವನು ಎದ್ದಿದ್ದ. ಬಲಗೈ ಮೇಲಿತ್ತು. "ಅನುಮೋದಿಸುತ್ತೇನೆ" ಎಂಬುದು ಯಂತ್ರಗಳ ಸದ್ದಿನ ಮೇಲೆ ಸ್ಪಷ್ಟವಾಗಿ, ಮೆತ್ತಗೂ ಅಲ್ಲದೆ ಗಟ್ಟಿಯೂ ಅಲ್ಲದೆ, ಸರಿಯಾಗಿ ಕೇಳಿಸಿತು.

ಯಾರೂ ನಗಲಿಲ್ಲ. ಬಾಯ್ಲರಿನವನು ಕೂಡ. ಅನುಮೋದನೆ ಅಣ್ಣನ ಕೈ ಇನ್ನೂ ಮೇಲಿತ್ತು. ಅಧ್ಯಕ್ಷರು ಅವನನ್ನು ನೋಡುತ್ತಿರಲಿಲ್ಲ, ನೀರಿನ ಲೋಟದ ಅಂಚು ಒರೆಸಿಕೊಳ್ಳುತ್ತಿದ್ದರು. ಅಭ್ಯಾಸ ಬಲ, ಅಂದುಕೊಂಡ. ಕೈಗೇನು ಗೊತ್ತು, ಕೈ ರಾಗ ಕೇಳಿ ಎದ್ದಿತು, ನಾನಲ್ಲ. ಈ ಮಾತು ಎಷ್ಟು ಸಿದ್ಧವಾಗಿ ಬಂತೆಂದರೆ ಅವನಿಗೇ ಅನುಮಾನವಾಯಿತು. ಹಿಂದಕ್ಕೆ ಹೋಗಿ ತಡಕಿದ. ಸೂಚಿಸುತ್ತೇನೆ ಎಂಬುದಕ್ಕೂ ಕೈ ಏಳುವುದಕ್ಕೂ ನಡುವೆ ಸಂದಿ ಇರಲಿಲ್ಲ. ಆದರೆ ಅದಕ್ಕೆ ಮುಂಚೆ, ವಾಕ್ಯದ ಮೊದಲಿಗೇ, ರೋಲರ್ ಎಂಬ ಶಬ್ದ ಬಂದಿತ್ತು. ಕೇಳಿರಲಿಲ್ಲವೇ? ಕೇಳಿದ್ದ. ಕೇಳಿದಾಗ ಅಂಗಿಯ ಹೆಗಲು ತಣ್ಣಗಾಗಿತ್ತು, ಆರಿಹೋದ ತೇವ ಮತ್ತೆ ಮೂಡಿದ ಹಾಗೆ. ಆ ಶಬ್ದದಿಂದ ವಾಕ್ಯದ ಕೊನೆಯವರೆಗೆ ದಾರಿ ಉದ್ದವಿತ್ತು, ಆ ದಾರಿಯಲ್ಲಿ ಎಲ್ಲಿ ಬೇಕಾದರೂ ಕೂತುಕೊಳ್ಳಬಹುದಿತ್ತು.

ವಕೀಲಮ್ಮ ಎದ್ದಳು.

"ಅಧ್ಯಕ್ಷರೇ, ಮತಕ್ಕೆ ಹಾಕೋ ಮುಂಚೆ ಅನುಮೋದಕರು ತಮ್ಮ ಅನುಮೋದನೆ ಹಿಂತೆಗೆದುಕೊಳ್ಳಬಹುದು. ನಿಯಮದಲ್ಲಿದೆ. ಅವರಿಗೆ ತಪ್ಪಿ ಬಾಯಿಗೆ ಬಂದಿರಬಹುದು. ಕೇಳಿ."

"ಕೇಳೋಣಂತೆ, ಅದಕ್ಕೇನು?" ಅಧ್ಯಕ್ಷರು ಲೋಟ ಇಟ್ಟರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು, ಅದೇ ಅವನನ್ನು ಹೆಚ್ಚು ಹೆದರಿಸಿತು. "ಏನಯ್ಯಾ, ಹಿಂತೆಗೆದುಕೊಳ್ತೀಯಾ? ನಿನ್ನಿಷ್ಟ. ಯಾರ ಬಲವಂತಾನೂ ಇಲ್ಲ."

ಈಗ ರಾಗವಿರಲಿಲ್ಲ. ಬೆಂಚುಗಳೆಲ್ಲ ತಿರುಗಿ ನೋಡುತ್ತಿದ್ದವು. ಇಷ್ಟು ವರ್ಷ ಅವನು ಎದ್ದಾಗ ತಲೆ ಎತ್ತದವರೆಲ್ಲ ಈಗ ತಲೆ ಎತ್ತಿದ್ದರು. ಒಂದು ಮಾತು ಅಂದರೆ ಸಾಕಿತ್ತು, ಹೌದು ಎಂಬ ಅವನ ಸ್ವಂತದ ಮಾತು, ಹುಟ್ಟಿನಿಂದ ಬಾಯಲ್ಲಿಟ್ಟುಕೊಂಡು ಓಡಾಡಿದ ಮಾತು. ಗಾಜಿನಾಚೆ ಶಾಲಿನ ಹೆಂಗಸು ಹಣೆ ಹಚ್ಚಿ ನಿಂತಿದ್ದಳು, ಅವಳ ಉಸಿರು ಗಾಜಿನ ಮೇಲೆ ಬಿಳಿಯಾಗಿ ಹರಡಿ ಮಾಯವಾಗುತ್ತಿತ್ತು. ಒಳಗಿನ ಯಾವ ಮಾತೂ ಅವಳಿಗೆ ಕೇಳಿಸುವಂತಿರಲಿಲ್ಲ. ಎಲ್ಲರೂ ಕೂತಿರುವಾಗ ಎದ್ದು ನಿಂತು ಕೈ ಎತ್ತಿದವನು ಅವನೊಬ್ಬನೇ ಎಂದು ಮಾತ್ರ ಅವಳಿಗೆ ಕಂಡಿರಬೇಕು.

"ಇರಲಿ ಬಿಡಿ," ಅಂದ.

ಹಿಂದೆ ಯಾರೋ ಮೂಗಿನಲ್ಲಿ ನಕ್ಕರು. ಕೈಗಳು ಎದ್ದವು, ಅಧ್ಯಕ್ಷರು ಎಣಿಸುವ ಶಾಸ್ತ್ರ ಮಾಡಿದರು, ಗೊತ್ತುವಳಿ ಪಾಸಾಯಿತು. ವಕೀಲಮ್ಮ ಕೈಯಲ್ಲಿದ್ದ ತನ್ನ ಕಾಗದವನ್ನು ಮಡಿಸಿದಳು. ಹೊದಿಕೆಗಳನ್ನು ಮಡಿಸಿ ಮಡಿಸಿ ಪಳಗಿದ ಕೈ, ಮೂಲೆಗೆ ಮೂಲೆ ಸೇರಿಸಿ ನೀಟಾಗಿ ಮಡಿಸಿದಳು. ಇನ್ನು ಸಮಿತಿ. ಸಮಿತಿಯೆಂದರೆ ಅಧ್ಯಕ್ಷರು, ಕಾರ್ಯದರ್ಶಿ, ಅವರಿಬ್ಬರ ಜನ. ಅಲ್ಲಿಗೆ ಹೋದದ್ದು ಬಾವಿಗೆ ಬಿದ್ದ ಬಿಂದಿಗೆ ಎಂದು ಬೆಂಚಿನಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು, ಕೈ ಎತ್ತಿದವರಿಗೂ. ಟೀ ಬಂತು. ಕಾರ್ಯದರ್ಶಿ ಮೊದಲ ಲೋಟ ತಂದು ಅವನಿಗೇ ಕೊಟ್ಟ. ಅವನು ಕುಡಿದ. ಕುಡಿದೆನಲ್ಲ ಎಂಬುದು ಆಮೇಲೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ಹುಟ್ಟಿಸುವ ಸಂಗತಿಯಾಗಿ ಉಳಿಯಿತು. ಆ ಟೀ ಚೆನ್ನಾಗಿತ್ತು.

ಹಿಂಬಾಗಿಲಿನಿಂದ ಹೋಗಬೇಕೆಂದಿದ್ದ. ಅಲ್ಲಿ ಒದ್ದೆ ಬಟ್ಟೆಯ ಗಾಡಿಗಳು ಅಡ್ಡ ನಿಂತಿದ್ದವು. ಮುಂಬಾಗಿಲಿನ ಮೆಟ್ಟಿಲಿಳಿಯುತ್ತಿದ್ದ ಹಾಗೇ ಶಾಲಿನ ಹೆಂಗಸು ಓಡಿಬಂದಳು. ಹತ್ತಿರದಿಂದ ನೋಡಿದರೆ ತೀರ ಚಿಕ್ಕ ವಯಸ್ಸು. ಹಣೆಯ ಮೇಲೆ ಗಾಜಿನ ತಣ್ಣನೆಯ ಕೆಂಪು ಗುರುತು ಇನ್ನೂ ಇತ್ತು. ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕಂಡೆ ಅಣ್ಣಾ. ಕಿಟಕಿಯಿಂದ ಕಂಡೆ. ಎಲ್ರೂ ಕೂತಿದ್ರು, ನೀವು ಒಬ್ರೇ ಎದ್ದು ಕೈ ಎತ್ತಿದ್ರಿ. ಎಲ್ರೂ ತಿರುಗಿ ನೋಡಿದ್ರೂ ಕೈ ಇಳಿಸ್ಲಿಲ್ಲ. ವಕೀಲಮ್ಮಕ್ಕ ಹೇಳಿದ್ರು, ನೀವು ಎದ್ರೆ ಆಯ್ತು ಅಂತ. ನಮ್ಮ ಮನೆಯವರಿಗೆ ಹೋಗಿ ಹೇಳ್ತೀನಿ. ಮೂರು ದಿನದಿಂದ ಗೋಡೆ ಕಡೆ ತಿರುಗಿ ಮಲಗಿದಾರೆ, ಒಂದು ಮಾತಿಲ್ಲ. ನಂದೇ ತಪ್ಪಾ, ನಂದೇ ತಪ್ಪಾ ಅಂತ ಅಷ್ಟೇ. ಈಗ ಹೇಳ್ತೀನಿ, ನಿಮ್ಮ ತಪ್ಪಲ್ಲ, ಸಂಘ ನಿಮ್ಮ ಕಡೆ ಇದೆ ಅಂತ."

ಅವಳ ಕೈ ಬೆಚ್ಚಗಿತ್ತು, ಒರಟಾಗಿತ್ತು. ಅವನ ಕೈ ಅದರೊಳಗೆ ಯಾರೋ ಮರೆತು ಬಿಟ್ಟುಹೋದ ವಸ್ತುವಿನಂತೆ ಬಿದ್ದಿತ್ತು. ಹೂಂ ಎಂಬುದು ಗಂಟಲವರೆಗೆ ಬಂದು ನಿಂತಿತು. ಅಷ್ಟಂದರೆ ಸಾಕು, ಅವಳು ಹೋಗುತ್ತಾಳೆ, ಇವತ್ತೊಂದು ದಿನ ಆಸ್ಪತ್ರೆಯ ಆ ಮನುಷ್ಯ ಗೋಡೆ ಬಿಟ್ಟು ಈಚೆ ತಿರುಗುತ್ತಾನೆ. ಅದು ದಯೆಯೇ ಅಲ್ಲವೇ, ಎಂದು ಕೇಳಿಕೊಂಡ. ಕೇಳಿಕೊಂಡ ರೀತಿ ಅಧ್ಯಕ್ಷರದೇ, ಹೆಗಲ ಮೇಲೆ ಕೈಯಿಟ್ಟು ಕೇಳಿದ ಹಾಗಿತ್ತು.

ಆಗ ವಕೀಲಮ್ಮ ಹೊರಗೆ ಬಂದಳು. ಮೆಟ್ಟಿಲ ಮೇಲೆ ನಿಂತು ಇಬ್ಬರನ್ನೂ ನೋಡಿದಳು, ಹಿಡಿದ ಕೈಗಳನ್ನು ನೋಡಿದಳು.

"ಅಕ್ಕಾ, ಅಣ್ಣ ನಮ್ಮ ಕೈ ಬಿಡ್ಲಿಲ್ಲ," ಅಂದಳು ಹುಡುಗಿ.

ವಕೀಲಮ್ಮನ ಮುಖದಲ್ಲಿ ಏನೋ ಎದ್ದು, ಅಷ್ಟೇ ಬೇಗ ಒಳಗೆ ಹೋಯಿತು. ಅವಳು ಬಯ್ಯುತ್ತಾಳೆಂದು ಅವನು ಕಾದ. ಬೈದರೆ ಬದುಕಿಕೊಳ್ಳುತ್ತಿದ್ದ, ತಲೆ ತಗ್ಗಿಸಿ ಹೌದು ಅನ್ನುತ್ತಿದ್ದ.

"ಒಳಗೆ ಏನಾಯ್ತು ಅಂತ ಅವರೇ ಹೇಳ್ತಾರಮ್ಮಾ," ಅಂದಳು. "ನಾನು ಹೇಳಲ್ಲ. ನಾನು ಹೇಳಿದ್ರೆ ಅವರು ಹೂಂ ಅಂದುಬಿಡ್ತಾರೆ."

ಅಷ್ಟು ಹೇಳಿ ಮೆಟ್ಟಿಲ ಮೇಲೆ ಕೂತುಬಿಟ್ಟಳು, ಬಸ್ಸಿಗೆ ಕಾಯುವವರ ಹಾಗೆ. ಒಳಗೆ ಒಣಗಿಸುವ ಯಂತ್ರಗಳು ಒಂದೊಂದಾಗಿ ನಿಲ್ಲುತ್ತ ಬಂದವು. ದಿನವಿಡೀ ಕಿವಿಯಲ್ಲಿದ್ದ ಸದ್ದು ಹೋದ ಮೇಲೆ ಬೀದಿ, ಗೇಟು, ಹುಡುಗಿಯ ಮುಖ ಎಲ್ಲ ತೀರ ಹತ್ತಿರ ಬಂದವು. ಅವನು ಇಬ್ಬರ ಕಡೆಗೂ ನೋಡಿದ. ಯಾರಾದರೂ ಮೊದಲು ಹೇಳಲಿ ಎಂದು ಹುಡುಕಿದ. ಯಾರೂ ಇರಲಿಲ್ಲ. ಗೊತ್ತುವಳಿ ತರುವವರಿಗೆ ಆ ಮೊದಲ ಮಾತು ಹೊಟ್ಟೆಯ ಯಾವ ಮೂಲೆಯಿಂದ ಬರುತ್ತದೆ ಎಂದು ಅವನು ಎಂದೂ ಯೋಚಿಸಿರಲಿಲ್ಲ. ಅದಕ್ಕೆ ರಾಗವೂ ಇಲ್ಲ, ಹಿಡಿದುಕೊಳ್ಳಲು ಹಿಂದಿನ ದನಿಯೂ ಇಲ್ಲ.

"ನಾನು," ಅಂದ. ಆ ಶಬ್ದ ಹೊರಗೆ ಬಂದು ಒಂಟಿಯಾಗಿ ನಿಂತಿತು. "ನಾನು ಎದ್ದದ್ದು ನಿಮಗೋಸ್ಕರ ಅಲ್ಲ. ತನಿಖೆ ಬೇಡ ಅಂತ ಅವರು ಅಂದ್ರು. ನಾನೇ ಅನುಮೋದಿಸಿದೆ. ಹಿಂತಗೋತೀಯಾ ಅಂತ ಕೇಳಿದ್ರು. ತಗೊಳ್ಳಲಿಲ್ಲ. ಕಂಬಿ ಕಟ್ಟೋದಕ್ಕೂ ನಾನೇ ಅನುಮೋದಿಸಿದ್ದು."

ಅವಳಿಗೆ ಕೂಡಲೇ ಅರ್ಥವಾಗಲಿಲ್ಲ. ನಗುವಿನ ಉಳಿಕೆ ಇನ್ನೂ ತುಟಿಯ ಮೇಲಿತ್ತು, ಕೈ ಹಿಡಿದೇ ಇದ್ದಳು. ಆಮೇಲೆ ಒಂದು ಬೆರಳು ಸಡಿಲವಾಯಿತು. ಇನ್ನೊಂದು. ಬಿಸಿ ಪಾತ್ರೆಯನ್ನು ಬಿಡುವ ಹಾಗೆ ಅಲ್ಲ, ಯಾವುದೋ ಹೊಲಸನ್ನು ಕೆಳಗೆ ಬೀಳಿಸದಂತೆ ಇಡುವ ಹಾಗೆ, ನಿಧಾನವಾಗಿ, ಎರಡೂ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಶಾಲಿಗೆ ಒರೆಸಿಕೊಂಡಳು. ಬಯ್ಯಲಿಲ್ಲ. ಗೇಟಿನ ಕಡೆ ನಡೆದಳು. ವಕೀಲಮ್ಮ ಎದ್ದು ಅವಳ ಹಿಂದೆ ಹೋದಳು.

ಅವಳು ಬಿಟ್ಟ ಜಾಗದಲ್ಲೇ, ಎದೆಯ ಎತ್ತರದಲ್ಲಿ, ಅವನ ಬಲಗೈ ಗಾಳಿಯಲ್ಲಿ ನಿಂತಿತ್ತು. ಬಾಯ್ಲರಿನವನು ಮೆಟ್ಟಿಲಿಳಿಯುತ್ತ, "ಏನಣ್ಣಾ, ಸಭೆ ಮುಗೀತಲ್ಲ, ಇನ್ನೂ ಯಾರಿಗೆ?" ಅಂದು ನಕ್ಕು ಹೋದ. ಕೈ ಇಳಿಸಬೇಕು ಅಂದುಕೊಂಡ. ಇಳಿಸುವುದು ಹೇಗೆಂದು ಬಹಳ ಹೊತ್ತು ಹೊಳೆಯಲಿಲ್ಲ.